ನೀರಿನ ಕೈಗೇ ಕೀಲಿ ಕೊಟ್ಟ ಎಂಜಿನಿಯರ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ನೆಲದಡಿಯ ಸಂಪ್, ಮಹಡಿಯ ಮೇಲಿನ ಟ್ಯಾಂಕ್, ಇವೆರಡರ ನಡುವೆ ಒಂದು ಪಂಪು ಎಂಬ ವ್ಯವಸ್ಥೆ ಈಗ ಸರ್ವೇಸಾಮಾನ್ಯ. ಅನುಕೂಲಸ್ಥರ ಮನೆಗಳಲ್ಲಿ ಪಂಪಿನ ಮೇಲೆ ಅಂಗೈಯಗಲದ ಇನ್ನೊಂದು ಪೆಟ್ಟಿಗೆಯೂ ಕುಳಿತಿರುತ್ತದೆ. ನಲ್ಲಿ ತಿರುಗಿಸಿದೊಡನೆ ಪಂಪನ್ನು ಓಡಿಸುವುದು, ನಲ್ಲಿ ಮುಚ್ಚಿದೊಡನೆ ನಿಲ್ಲಿಸುವುದು, ಸಂಪಿನಲ್ಲಿ ನೀರು ಮುಗಿದರೆ ಮೋಟಾರು ಸುಡದಂತೆ ಕಾಯುವುದು ಅದರ ಕೆಲಸ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ಪ್ರೆಷರ್ ಕಂಟ್ರೋಲರ್. ಯಾರೂ ಸ್ವಿಚ್ ಮುಟ್ಟಬೇಕಿಲ್ಲ. ನೀರಿನ ಒತ್ತಡವೇ ಯಂತ್ರಕ್ಕೆ ಆಜ್ಞೆ ಕೊಡುತ್ತದೆ.

ನೀರಿನ ಸ್ಥಿತಿಯನ್ನು ನೀರಿನಿಂದಲೇ ಅರಿತು, ಮನುಷ್ಯನ ಕೈ ತಗಲದೆ ಯಂತ್ರ ಕೆಲಸ ಮಾಡಬೇಕೆಂಬ ಈ ತತ್ವವನ್ನು ವಿದ್ಯುತ್ತಿನ ನೆರವೇ ಇಲ್ಲದೆ, ಅಣೆಕಟ್ಟೆಯೊಂದರ ಅಳತೆಯಲ್ಲಿ, 1903ರಲ್ಲಿಯೇ ಸಾಧಿಸಿ ತೋರಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರು ಹುಟ್ಟಿದ್ದು ಅಂದಿನ ಕೋಲಾರ ಜಿಲ್ಲೆಯಲ್ಲಿ. ಕನ್ನಂಬಾಡಿ ಕಟ್ಟೆಯ ನಿರ್ಮಾತೃವೆಂದು, ಮೈಸೂರಿನ ದಿವಾನರೆಂದು, ಭಾರತರತ್ನರೆಂದು ನಾಡು ಅವರನ್ನು ನೆನೆಯುತ್ತದೆ. ಆದರೆ ದಿವಾನಗಿರಿಗೆ ಬರುವ ಮುನ್ನ ಕಾಲು ಶತಮಾನ ಕಾಲ ಅವರು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ನೀರಿನ ದೋಷ ಪತ್ತೆ. ಎಲ್ಲಿ ನೀರು ಬರುತ್ತಿಲ್ಲ, ಏಕೆ ಬರುತ್ತಿಲ್ಲ, ಎಲ್ಲಿ ಸೋರುತ್ತಿದೆ, ಯಾರು ಹೆಚ್ಚು ಎಳೆಯುತ್ತಿದ್ದಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಅವರ ವೃತ್ತಿಜೀವನ ಸಾಗಿತು. ನೀರಿಗಾಗಿ ಇಂದಿಗೂ ಪರದಾಡುವ ಅವರ ತವರು ಸೀಮೆಗೆ ಆ ಬದುಕಿನ ಈ ಭಾಗವೇ ಹೆಚ್ಚು ಪ್ರಸ್ತುತ.

ನದಿಯಿಲ್ಲದ ನಾಡಿನ ಹುಡುಗ

ವಿಶ್ವೇಶ್ವರಯ್ಯನವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಈ ಊರು ಕೋಲಾರ ಜಿಲ್ಲೆಗೇ ಸೇರಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಆ ಹೆಸರು ಮನೆತನಕ್ಕೆ ಅಂಟಿಕೊಂಡಿತು.

ಅವರು ಕಣ್ಣುಬಿಟ್ಟ ಸೀಮೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇರಲಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಈ ಭಾಗದ ಬೆಟ್ಟಗುಡ್ಡಗಳಲ್ಲಿ ಹುಟ್ಟಿದರೂ ಮಳೆ ನಿಂತೊಡನೆ ಬತ್ತಿ, ಮರಳಿನ ಹಾಸಾಗಿ ಉಳಿಯುತ್ತಿದ್ದವು. ಹಾಗಾಗಿ ಜನರ ಬದುಕೆಲ್ಲ ಕೆರೆಗಳ ಮೇಲೆ ನಿಂತಿತ್ತು. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಎಂಬಂತೆ ಸಾವಿರಾರು ಕೆರೆಗಳು ಸರಪಳಿಯಾಗಿ ಹೆಣೆದುಕೊಂಡಿದ್ದವು. ತೂಬನ್ನು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಬಾವಿಯಿಂದ ನೀರೆತ್ತಲು ಏತ ಹಾಗೂ ಎತ್ತು ಕಟ್ಟಿದ ಕಪಿಲೆಗಳಿದ್ದವು. ಸಂಗ್ರಹ, ಕೋಡಿ, ತೂಬು, ಸರದಿ ಎಂಬ ನಾಲ್ಕು ಅಂಗಗಳ ಈ ಹಳೆಯ ವ್ಯವಸ್ಥೆಯೇ ಮುಂದೆ ಬೇರೆ ಬೇರೆ ರೂಪದಲ್ಲಿ ಅವರ ಯೋಜನೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಬೆಂಗಳೂರಿಗೆ ಬಂದ. ಸೋದರಮಾವನ ಆಸರೆ ಇತ್ತಾದರೂ ಖರ್ಚಿಗೆ ಮನೆಪಾಠವೇ ದಾರಿಯಾಗಿತ್ತು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜು ಸೇರಿದ ಅವರು, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಸಿಕ್ಕಿತು.

ಕೊಳವೆಯೊಳಗಿನ ಪಾಠ

ನೌಕರಿಯ ಆರಂಭದಲ್ಲಿಯೇ, ಖಾನದೇಶದ ಧುಳೆ ಪ್ರದೇಶದಲ್ಲಿ, ಒಂದು ಕಠಿಣ ಕೆಲಸ ಅವರ ಪಾಲಿಗೆ ಬಂತು. ಪಾಂಜ್ರಾ ನದಿಗೆ ಅಡ್ಡಲಾಗಿ ಕೊಳವೆಯ ಸೈಫನ್ ನಿರ್ಮಿಸಿ ಆಚೆಯ ದಡಕ್ಕೆ ನೀರು ಮುಟ್ಟಿಸಬೇಕಿತ್ತು. ಮಳೆಗಾಲದ ಪ್ರವಾಹ ಮತ್ತು ನದೀಪಾತ್ರದ ಮರಳು ಕೆಲಸಕ್ಕೆ ಅಡ್ಡಿಯಾದವು. ಆದರೂ ಇಪ್ಪತ್ಮೂರರ ಹರೆಯದ ಎಂಜಿನಿಯರ್ ಅದನ್ನು ಮುಗಿಸಿ ಮೇಲಧಿಕಾರಿಗಳ ಮೆಚ್ಚುಗೆ ಗಳಿಸಿದರು.

ಸೈಫನ್ನಿನ ತತ್ವ ಸರಳ. ಒಂದು ದಡದಲ್ಲಿ ನೀರಿನ ಮಟ್ಟ ಎತ್ತರದಲ್ಲಿದ್ದರೆ, ಮುಚ್ಚಿದ ಕೊಳವೆಯಲ್ಲಿ ತಗ್ಗಿಗಿಳಿದ ನೀರು ತನ್ನ ಒತ್ತಡದಿಂದಲೇ ಮತ್ತೊಂದು ದಡವನ್ನೇರುತ್ತದೆ. ಹೊರಗಿನ ಶಕ್ತಿ ಬೇಕಿಲ್ಲ. ಆದರೆ ಕೊಳವೆಯಲ್ಲಿ ಹೂಳು ತುಂಬಿದರೆ, ಜೋಡಣೆ ಸಡಿಲವಾದರೆ ಅಥವಾ ಗಾಳಿ ಸಿಕ್ಕಿಕೊಂಡರೆ ಎಲ್ಲವೂ ನಿಲ್ಲುತ್ತದೆ. ಒಂದು ತುದಿಯಲ್ಲಿ ನೀರು ಬಾರದಿದ್ದರೆ ದೋಷ ಆ ತುದಿಯಲ್ಲಿಯೇ ಇರಬೇಕೆಂದಿಲ್ಲ. ಅದು ದಾರಿಯಲ್ಲಿರಬಹುದು, ಮೂಲದಲ್ಲಿಯೂ ಇರಬಹುದು.

ಮೂಲವನ್ನು ಮೊದಲು ನೋಡುವ ಕ್ರಮ ಸ್ಪಷ್ಟವಾಗಿ ಕಾಣುವುದು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ. ಅದು ಆಗ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು, ಈಗ ಪಾಕಿಸ್ತಾನದಲ್ಲಿದೆ. 1893ರಲ್ಲಿ ಅಲ್ಲಿನ ಕುಡಿಯುವ ನೀರಿನ ಯೋಜನೆಯ ಹೊಣೆ ಅವರಿಗೆ ಬಂತು. ಸಿಂಧೂ ನದಿ ಪಕ್ಕದಲ್ಲೇ ತುಂಬಿ ಹರಿಯುತ್ತಿದ್ದರೂ ಆ ನೀರು ಕೆಸರಿನಿಂದ ಕೂಡಿತ್ತು. ಶೋಧಕ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಮರಳನ್ನೇ ಶೋಧಕವಾಗಿ ಬಳಸಿಕೊಂಡರು. ಮರಳಿನ ಪದರಗಳ ಮೂಲಕ ಜಿನುಗಿ ತಿಳಿಯಾಗಿ ಬರುವ ನೀರನ್ನು ಬಾವಿಯಲ್ಲಿ ಸಂಗ್ರಹಿಸಿ, ಪಂಪುಗಳಿಂದ ಗುಡ್ಡದ ಮೇಲಿನ ಜಲಾಗಾರಕ್ಕೆ ಏರಿಸಿ, ಅಲ್ಲಿಂದ ಇಳಿಜಾರಿನ ಬಲದಿಂದ ಊರಿಗೆ ಹಂಚಿದರು. ಯೋಜನೆ 1895ರಲ್ಲಿ ಮುಗಿಯಿತು.

ಇಂದಿನ ಮನೆಯ ಸಂಪ್, ಪಂಪು, ಮಹಡಿಯ ಟ್ಯಾಂಕುಗಳ ಕ್ರಮಕ್ಕೂ ಸಕ್ಕರಿನ ಬಾವಿ, ಪಂಪು, ಗುಡ್ಡದ ಜಲಾಗಾರದ ಕ್ರಮಕ್ಕೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರ. ಎತ್ತರದಲ್ಲಿಟ್ಟ ನೀರು ಎಂದರೆ ಕೂಡಿಟ್ಟ ಒತ್ತಡ. ಸುಮಾರು 10 ಮೀಟರ್ ಎತ್ತರದ ನೀರಿನ ಕಂಬ ಒಂದು ಬಾರ್ ಒತ್ತಡಕ್ಕೆ ಸಮ. ಮಹಡಿಯ ಟ್ಯಾಂಕಿನ ಪಕ್ಕದಲ್ಲಿಯೇ ಇರುವ ಸ್ನಾನದ ಮನೆಯಲ್ಲಿ ಷವರ್ ಸಣ್ಣಗೆ ಬರುವುದಕ್ಕೂ ಕೆಳಗಿನ ಮನೆಯ ನಲ್ಲಿ ರಭಸದಿಂದ ಚಿಮ್ಮುವುದಕ್ಕೂ ಕಾರಣ ಇದೇ ಲೆಕ್ಕ. ಆ ಕೊರತೆ ನೀಗಲೆಂದೇ ಪ್ರೆಷರ್ ಪಂಪುಗಳು ಮನೆಗಳಿಗೆ ಬಂದವು.

ಖಡಕವಾಸ್ಲಾದ ಸ್ವಯಂಚಾಲಿತ ಬಾಗಿಲು

1899ರಲ್ಲಿ ಪುಣೆಯ ನೀರಾವರಿ ವಿಭಾಗಕ್ಕೆ ಬಂದ ಅವರ ಕೈಗೆ ಖಡಕವಾಸ್ಲಾ ಜಲಾಶಯ ಸಿಕ್ಕಿತು. ಫೈಫ್ ಸರೋವರ ಎಂದೂ ಕರೆಯುತ್ತಿದ್ದ ಇದು ಪುಣೆಗೂ ಸುತ್ತಲಿನ ಕಾಲುವೆಗಳಿಗೂ ನೀರೊದಗಿಸುತ್ತಿತ್ತು. ಮಳೆಗಾಲದಲ್ಲಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ಕೊರತೆ ಕಾಡುತ್ತಿತ್ತು. ಕಟ್ಟೆಯನ್ನೇ ಎತ್ತರಿಸುವುದು ದುಬಾರಿಯ ಕೆಲಸ. ಕೋಡಿಯ ಮೇಲೆ ಬಾಗಿಲುಗಳನ್ನು ನಿಲ್ಲಿಸಿ ಹೆಚ್ಚು ನೀರು ಹಿಡಿಯಬಹುದು, ನಿಜ. ಆದರೆ ರಾತ್ರೋರಾತ್ರಿ ಪ್ರವಾಹ ನುಗ್ಗಿದಾಗ ಬಾಗಿಲು ತೆರೆಯುವವರು ಯಾರು? ತೆರೆಯುವುದು ತಡವಾದರೆ ಕಟ್ಟೆಗೇ ಅಪಾಯ.

ಈ ತೊಡಕನ್ನು ಬಿಡಿಸಲು ಅವರು ರೂಪಿಸಿದ್ದೇ ಸ್ವಯಂಚಾಲಿತ ಬಾಗಿಲು. ಬಾಗಿಲುಗಳನ್ನು ಗಾಲಿಗಳ ಮೇಲೆ ಹಾಯ್ದ ಸರಪಳಿಗಳ ಮೂಲಕ ತೂಕಗಳಿಗೆ ಕಟ್ಟಿ ಸಮತೋಲನದಲ್ಲಿ ಇರಿಸಲಾಗುತ್ತದೆ. ಅವುಗಳಲ್ಲಿ ಒಂದು ತೂಕ ಚಿಕ್ಕ ಬಾವಿಯಂತಹ ಕೋಶದಲ್ಲಿ ತೂಗುತ್ತಿರುತ್ತದೆ. ಜಲಾಶಯ ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೂ ಕೋಶ ಖಾಲಿ, ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದೊಡನೆ ಹೆಚ್ಚುವರಿ ನೀರು ತಾನಾಗಿ ಕೋಶಕ್ಕೆ ಸುರಿಯುತ್ತದೆ. ನೀರಿನಲ್ಲಿ ಮುಳುಗಿದ ತೂಕ ಹಗುರವಾಗುತ್ತದೆ, ಸಮತೋಲನ ತಪ್ಪುತ್ತದೆ, ಎದುರಿನ ತೂಕ ಕೆಳಗಿಳಿದು ಬಾಗಿಲು ಮೇಲೇಳುತ್ತದೆ. ಪ್ರವಾಹ ಇಳಿದಾಗ ಕೋಶಕ್ಕೆ ನೀರು ಬರುವುದು ನಿಂತು, ಒಳಗಿದ್ದ ನೀರು ಸಣ್ಣ ರಂಧ್ರದಿಂದ ಬಸಿದುಹೋಗುತ್ತದೆ. ತೂಕ ಮತ್ತೆ ಭಾರವಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಾವಲುಗಾರ ನಿದ್ದೆ ಹೋದರೂ ನೀರು ಎಚ್ಚರವಾಗಿಯೇ ಇರುತ್ತದೆ.

1903ರಲ್ಲಿ ಖಡಕವಾಸ್ಲಾದಲ್ಲಿ ಈ ಬಾಗಿಲುಗಳು ಮೊದಲ ಬಾರಿಗೆ ಜೋಡಣೆಯಾದವು. ಕೋಡಿಯ ಮಟ್ಟಕ್ಕಿಂತ ಸುಮಾರು 8 ಅಡಿ ಹೆಚ್ಚು ನೀರನ್ನು ಹಿಡಿದಿಡಲು ಸಾಧ್ಯವಾಯಿತು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಯಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಇದೇ ವಿಧಾನ ಬಳಕೆಗೆ ಬಂತು. ಅವರು ಇದಕ್ಕೆ ಪೇಟೆಂಟ್ ಪಡೆದರಾದರೂ, ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ ಆವಿಷ್ಕಾರವೆಂಬ ಕಾರಣಕ್ಕೆ ರಾಯಧನ ಸ್ವೀಕರಿಸಲಿಲ್ಲ.

ಅಳತೆಯ ನೀರು, ಅಸಮಾಧಾನದ ರೈತ

ನೀರು ಹಿಡಿದಿಟ್ಟರೆ ಅರ್ಧ ಕೆಲಸವಾದಂತೆ. ಹಂಚಿಕೆ ಅದಕ್ಕಿಂತಲೂ ಕಷ್ಟದ್ದು. ಪುಣೆ ಸುತ್ತಲಿನ ಕಾಲುವೆಗಳಲ್ಲಿ ಮೇಲ್ಭಾಗದ ಕಬ್ಬಿನ ಗದ್ದೆಗಳು ಬೇಕಾದಷ್ಟು ನೀರು ಹೀರುತ್ತಿದ್ದವು. ಕೆಳಭಾಗದ ಹೊಲಗಳು ಒಣಗುತ್ತಿದ್ದವು. ಅತಿಯಾಗಿ ನೀರುಂಡ ಭೂಮಿ ಜೌಗಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಅವರು ಬ್ಲಾಕ್ ಪದ್ಧತಿಯನ್ನು ಮುಂದಿಟ್ಟರು. ಕಾಲುವೆಯ ಕೆಳಗಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬಿನಂತಹ ಹೆಚ್ಚು ನೀರಿನ ಬೆಳೆ ಒಂದು ಭಾಗದಲ್ಲಿ, ಕಡಿಮೆ ನೀರಿನ ಬೆಳೆಗಳು ಉಳಿದ ಭಾಗಗಳಲ್ಲಿ ಇರುವಂತೆ ಮಾಡಿ, ವರ್ಷದಿಂದ ವರ್ಷಕ್ಕೆ ಸರದಿ ಬದಲಿಸುವುದು ಅದರ ತಿರುಳು.

ರೈತರು ಒಪ್ಪಲಿಲ್ಲ. ತಮ್ಮ ಸ್ವಾತಂತ್ರ್ಯಕ್ಕೆ ಇದು ಕಡಿವಾಣವೆಂದು ಅವರಿಗೆ ಅನ್ನಿಸಿತು. ಪತ್ರಿಕೆಗಳೂ ಟೀಕಿಸಿದವು. ವಿಶ್ವೇಶ್ವರಯ್ಯನವರು ರೈತರೊಡನೆ ಮಾತುಕತೆ ನಡೆಸಿ, ಒಪ್ಪಿದವರ ಜಮೀನಿನಲ್ಲಿ ಪದ್ಧತಿಯನ್ನು ಜಾರಿಗೆ ತಂದು ಫಲಿತಾಂಶ ತೋರಿಸುವ ದಾರಿ ಹಿಡಿದರು. ಯಂತ್ರ ಎಷ್ಟೇ ಜಾಣವಾಗಿದ್ದರೂ, ಕೆಳಗಿನವನಿಗೂ ನೀರು ಉಳಿಯಬೇಕೆಂಬ ಒಪ್ಪಂದ ಮನುಷ್ಯರ ನಡುವೆ ಏರ್ಪಡದಿದ್ದರೆ ಪ್ರಯೋಜನವಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಯಿತು. ಕೊಳವೆಬಾವಿಗಳ ಪೈಪೋಟಿಯಲ್ಲಿ ಬಳಲಿದ ಕೋಲಾರ ಸೀಮೆಗೆ ಅವರ ಬದುಕು ಹೇಳುವ ಮುಖ್ಯ ಮಾತೂ ಇದೇ ಎನ್ನಬಹುದು.

1906ರಲ್ಲಿ ಅವರು ಏಡನ್ ಬಂದರಿನ ನೀರು ಮತ್ತು ಒಳಚರಂಡಿ ವ್ಯವಸ್ಥೆಯ ಅಧ್ಯಯನಕ್ಕೆ ತೆರಳಿದರು. 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದ್ ನಿಜಾಮರ ಕರೆ ಬಂತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡಿದ್ದರು. ನಗರದೊಳಗೆ ತಡೆಗೋಡೆ ಕಟ್ಟಿದರೆ ಸಾಲದು, ನಗರಕ್ಕೆ ಬರುವ ಮೊದಲೇ ಪ್ರವಾಹವನ್ನು ಹಿಡಿದು ನಿಲ್ಲಿಸಬೇಕೆಂಬುದು ಅವರ ಸಲಹೆಯ ಸಾರ. 1920ರ ದಶಕದಲ್ಲಿ ಪೂರ್ಣಗೊಂಡ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು ಆ ಸಲಹೆಯ ಫಲ. ಅಲ್ಲಿಯೂ ಅವರು ನೋಡಿದ್ದು ಮೂಲವನ್ನೇ.

ಕನ್ನಂಬಾಡಿ ಮತ್ತು ಕೋಲಾರದ ಚಿನ್ನ

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿ ಕಟ್ಟೆ ಎಂದೊಡನೆ ಮಂಡ್ಯದ ಗದ್ದೆಗಳು ನೆನಪಾಗುತ್ತವೆ. ಆದರೆ ಆ ಯೋಜನೆಗೆ ಬಲ ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದಲೂ ಹೌದು ಎಂಬುದನ್ನು ಇಲ್ಲಿ ಸ್ಮರಿಸಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರ ಗಣಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆದರೆ ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದರೆ ಚಕ್ರಗಳೂ ಕುಂಟುತ್ತಿದ್ದವು. ಗಣಿ ಕಂಪನಿಗಳಿಗೆ ವರ್ಷವಿಡೀ ಖಚಿತವಾದ, ಇನ್ನೂ ಹೆಚ್ಚಿನ ವಿದ್ಯುತ್ ಬೇಕಿತ್ತು. ನದಿಯ ಏರಿಳಿತವನ್ನು ಸಮಗೊಳಿಸುವ ದೊಡ್ಡ ಜಲಾಶಯವಿಲ್ಲದೆ ಅದು ಸಾಧ್ಯವಿರಲಿಲ್ಲ. ಗಣಿಗಳಿಂದ ಬರುವ ವಿದ್ಯುತ್ ಆದಾಯ, ಕಟ್ಟೆಯ ಭಾರಿ ವೆಚ್ಚಕ್ಕೆ ಹೆದರುತ್ತಿದ್ದ ಸರ್ಕಾರವನ್ನು ಒಪ್ಪಿಸಲು ನೆರವಾಯಿತು.

1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪದಿಂದಾಗಿ ಮೊದಲು ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ ದೊರೆತರೂ, ಮುಂದಿನ ಪೂರ್ಣ ಎತ್ತರವನ್ನು ಹೊರಬಲ್ಲಷ್ಟು ಅಗಲಕ್ಕೇ ಅಡಿಪಾಯ ಹಾಕಲಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಕೆಯಾಯಿತು. 1924ರ ಒಪ್ಪಂದದ ನಂತರ ಪೂರ್ಣ ಎತ್ತರದ ಹಾದಿ ಸುಗಮವಾಗಿ, 1930ರ ದಶಕದ ಆರಂಭದಲ್ಲಿ ಕಟ್ಟೆ ಮುಗಿಯಿತು. ಈ ನಡುವೆ ನೂರಾರು ಕುಟುಂಬಗಳು ಮುಳುಗಡೆಯ ಊರುಗಳನ್ನು ತೊರೆಯಬೇಕಾಯಿತು ಎಂಬುದನ್ನೂ ಮರೆಯಲಾಗದು.

ಹೀಗೆ ಕಾವೇರಿಯ ನೀರು ವಿದ್ಯುತ್ತಾಗಿ ಕೋಲಾರಕ್ಕೆ ಬಂತು, ನೀರಾಗಿ ಬರಲಿಲ್ಲ. ಗಣಿ ನಗರದ ಬಾಯಾರಿಕೆ ತಣಿಸಿದ್ದು ಪಾಲಾರ್ ಪಾತ್ರದ ಬೇತಮಂಗಲ ಕೆರೆ. ಅಲ್ಲಿಂದ ಪಂಪ್ ಮಾಡಿದ ನೀರು ಗಣಿಗಳ ಕಾಲೊನಿಗಳನ್ನು ತಲುಪುತ್ತಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು.

1912ರ ನವೆಂಬರ್‌ನಿಂದ 1918ರ ಡಿಸೆಂಬರ್‌ವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆ ಆರು ವರ್ಷಗಳ ಕೊಡುಗೆ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಮೀಸಲು ಕಲ್ಪಿಸುವ ವಿಷಯದಲ್ಲಿ ಮಹಾರಾಜರ ನಿಲುವಿಗೂ ಅವರ ನಿಲುವಿಗೂ ಹೊಂದಿಕೆಯಾಗದೆ ಅವರು ಅಧಿಕಾರ ಬಿಟ್ಟರು. ಇತಿಹಾಸ ಈ ವಿಷಯದಲ್ಲಿ ಅವರ ಪರವಾಗಿ ನಿಲ್ಲಲಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಗುಂಡಪ್ಪನವರು ಅವರನ್ನು ಹತ್ತಿರದಿಂದ ಕಂಡು, ಜ್ಞಾಪಕ ಚಿತ್ರಶಾಲೆಯಲ್ಲಿ ಅವರ ವ್ಯಕ್ತಿಚಿತ್ರವನ್ನು ಉಳಿಸಿಕೊಟ್ಟಿದ್ದಾರೆ.

ಅಧಿಕಾರ ಬಿಟ್ಟ ಮೇಲೂ ಕೆಲಸ ನಿಲ್ಲಲಿಲ್ಲ. 1920ರ ದಶಕದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ಸುಳಿಯಿಂದ ಎತ್ತಲು ದುಡಿದರು. ಅರ್ಕಾವತಿಯಿಂದ ಬೆಂಗಳೂರಿಗೆ ನೀರು ತಂದ ತಿಪ್ಪಗೊಂಡನಹಳ್ಳಿ ಯೋಜನೆಗೆ ಮಾರ್ಗದರ್ಶನ ನೀಡಿದರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಹಿಂದೆ ಅವರ ಒತ್ತಾಸೆ ಇತ್ತು. ಪದವೀಧರ ಎಂಜಿನಿಯರ್ ಎಷ್ಟು ಮುಖ್ಯವೋ ಯಂತ್ರ ಬಿಚ್ಚಿ ಜೋಡಿಸಬಲ್ಲ ಕುಶಲಕರ್ಮಿಯೂ ಅಷ್ಟೇ ಮುಖ್ಯ ಎಂಬುದು ಅವರ ನಂಬಿಕೆಯಾಗಿತ್ತು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ, ಬೆಂಗಳೂರಿನಲ್ಲಿ ನಿಧನರಾದರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಮನೆಯ ಪಂಪಿಗೆ ಅದೇ ಕ್ರಮ

ಮೂಲ, ದಾರಿ, ನಿಯಂತ್ರಣ, ಕೊನೆಗೆ ಯಂತ್ರ ಎಂಬ ಕ್ರಮವನ್ನು ಈ ಬದುಕಿನಿಂದ ಹೆಕ್ಕಿ ತೆಗೆಯಬಹುದು. ಮನೆಯ ಪಂಪು ಕೈಕೊಟ್ಟಾಗ ಬಹುತೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಮೋಟಾರು ಬಿಚ್ಚಿಸುತ್ತಾರೆ, ನಂತರ ಕಂಟ್ರೋಲರ್ ಬದಲಿಸುತ್ತಾರೆ, ಕೊನೆಗೆ ಸಂಪಿನ ಮುಚ್ಚಳ ತೆರೆಯುತ್ತಾರೆ.

ಮನೆಗಳಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಒಂದರಲ್ಲಿ ಒತ್ತಡದ ಸ್ವಿಚ್ ಹಾಗೂ ರಬ್ಬರ್ ಚೀಲದೊಳಗೆ ನೀರು, ಸುತ್ತ ಗಾಳಿ ತುಂಬಿದ ಸಣ್ಣ ಟ್ಯಾಂಕ್ ಇರುತ್ತವೆ. ಒತ್ತಡ ಕೆಳಗಿನ ಮಿತಿಗೆ ಇಳಿದಾಗ ಪಂಪು ಓಡಿ, ಮೇಲಿನ ಮಿತಿ ಮುಟ್ಟಿದಾಗ ನಿಲ್ಲುತ್ತದೆ. ಇನ್ನೊಂದು ಎಲೆಕ್ಟ್ರಾನಿಕ್ ಕಂಟ್ರೋಲರ್. ಅದು ಒತ್ತಡ ಇಳಿದಾಗ ಪಂಪನ್ನು ಓಡಿಸಿ, ಹರಿವು ನಿಂತ ಕೆಲವು ಸೆಕೆಂಡುಗಳಲ್ಲಿ ನಿಲ್ಲಿಸುತ್ತದೆ.

ಪಂಪು ಸದ್ದು ಮಾಡಿ ನೀರು ಕೊಡದೆ ನಿಂತು, ಕೆಂಪು ದೀಪ ಹೊತ್ತಿಕೊಂಡರೆ ಮೊದಲು ಸಂಪ್ ನೋಡಬೇಕು. ನೀರಿದ್ದರೆ ಫುಟ್ ವಾಲ್ವ್ ಸೋರುತ್ತಿದೆಯೇ, ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ಎಂದು ಪರೀಕ್ಷಿಸಿ, ಪಂಪಿಗೆ ನೀರು ತುಂಬಿಸಿ ಮತ್ತೆ ಓಡಿಸಬೇಕು. ಕಾರಣ ಹುಡುಕದೆ ರೀಸೆಟ್ ಗುಂಡಿಯನ್ನು ಪದೇ ಪದೇ ಒತ್ತಿದರೆ ಒಣಗಿ ಓಡುವ ಪಂಪಿನ ಸೀಲ್ ಬಿಸಿಯಾಗಿ ಹಾಳಾಗುತ್ತದೆ.

ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಓಡಿ ನಿಲ್ಲುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಶೌಚಾಲಯದ ಫ್ಲಷ್ ಟ್ಯಾಂಕ್, ತೊಟ್ಟಿಕ್ಕುವ ನಲ್ಲಿ ಅಥವಾ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಕಾರಣವಿರಬಹುದು. ಒತ್ತಡದ ಟ್ಯಾಂಕ್ ಇರುವಲ್ಲಿ, ನಲ್ಲಿ ಬಳಸುವಾಗ ಪಂಪು ಕ್ಷಣಕ್ಷಣಕ್ಕೂ ಓಡಿ ನಿಲ್ಲುತ್ತಿದ್ದರೆ ಟ್ಯಾಂಕಿನ ಗಾಳಿ ಹೋಗಿರುವ ಸಂಭವ ಹೆಚ್ಚು. ವಿದ್ಯುತ್ ತೆಗೆದು, ನಲ್ಲಿ ತೆರೆದು ನೀರೆಲ್ಲ ಬಿಟ್ಟ ಮೇಲೆ, ಕಾರಿನ ಟೈರಿನಂಥದೇ ವಾಲ್ವಿನ ಮೂಲಕ ಗಾಳಿ ತುಂಬಿಸಬಹುದು. ಪಂಪು ಆರಂಭವಾಗುವ ಒತ್ತಡಕ್ಕಿಂತ ಆ ಗಾಳಿಯ ಒತ್ತಡ ತುಸು ಕಡಿಮೆ ಇರಬೇಕು.

ಮೇಲಿನ ಮಹಡಿಯ ನಲ್ಲಿ ತೆರೆದರೂ ಪಂಪು ಓಡದಿದ್ದರೆ ಸೈಫನ್ನಿನ ಪಾಠ ನೆನಪಾಗಬೇಕು. ಕಂಟ್ರೋಲರ್ 1.5 ಬಾರ್‌ಗೆ ಓಡಲು ಹೊಂದಿಸಿದ್ದು, ನಲ್ಲಿ ಅದಕ್ಕಿಂತ 15 ಮೀಟರಿಗೂ ಮೇಲಿದ್ದರೆ, ಪೈಪಿನಲ್ಲಿ ನಿಂತ ನೀರಿನ ಭಾರದಿಂದಾಗಿ ಒತ್ತಡ ಇಳಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಪಂಪು ನಿಲ್ಲದೆ ಓಡುತ್ತಿದ್ದರೆ ಎಲ್ಲಾದರೂ ಸೋರಿಕೆ ಇರಬಹುದು, ಇಲ್ಲವೇ ಹರಿವು ಗುರುತಿಸುವ ಭಾಗ ಸುಣ್ಣ ಕಟ್ಟಿ ಅಂಟಿಕೊಂಡಿರಬಹುದು. ಗಡಸು ನೀರಿನ ಕೊಳವೆಬಾವಿಗಳ ಊರುಗಳಲ್ಲಿ ಇದು ಸಾಮಾನ್ಯ. ವಿದ್ಯುತ್ ತೆಗೆದು ಬಿಚ್ಚಿ ತೊಳೆದರೆ ಅನೇಕ ವೇಳೆ ಸರಿಹೋಗುತ್ತದೆ. ಮೋಟಾರು ಬರೀ ಗುಂಯ್‌ಗುಡುತ್ತಿದ್ದರೆ ಕೆಪಾಸಿಟರ್, ವೋಲ್ಟೇಜ್ ಅಥವಾ ಸಿಕ್ಕಿಕೊಂಡ ಚಕ್ರವನ್ನು ಮೆಕ್ಯಾನಿಕ್ ನೋಡಬೇಕಾಗುತ್ತದೆ.

ಕೆಂಪು ದೀಪದ ಅರ್ಥ

ಇವೆಲ್ಲ ದುರಸ್ತಿಯಾಗುವ ದೋಷಗಳು. ದುರಸ್ತಿಗೆ ಬಗ್ಗದ ಒಂದು ದೋಷವಿದೆ. ಅದು ಮೂಲದಲ್ಲಿ ನೀರಿಲ್ಲದಿರುವುದು. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿವೆ. ಆಳದ ನೀರಿನಲ್ಲಿ ಫ್ಲೋರೈಡ್ ತೊಂದರೆಯಿದೆ. ಕೆರೆಗಳ ಸರಪಳಿ ಒತ್ತುವರಿ, ಹೂಳುಗಳಿಂದ ಅಲ್ಲಲ್ಲಿ ಕಡಿದಿದೆ. ನೀರುಗಂಟಿಯ ಜಾಗಕ್ಕೆ ಪ್ರತಿಯೊಬ್ಬರ ಸ್ವಂತ ಮೋಟಾರು ಬಂದಿದೆ.

ಪರಿಹಾರದ ಯತ್ನಗಳೂ ನಡೆದಿವೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಪಂಪುಗಳ ಮೂಲಕ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಹಳೆಯ ಕೋಡಿ, ಕಾಲುವೆಗಳ ಹಾದಿಯಲ್ಲಿಯೇ ಮುಂದಿನ ಕೆರೆಗಳಿಗೆ ಹರಿಯುತ್ತದೆ. ಅಂತರ್ಜಲ ಮೇಲೆದ್ದಿದೆ ಎಂಬ ಸಂತೋಷದ ಜೊತೆಗೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಬಲವಾಗಿದೆ. ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಕುಡಿಯುವ ನೀರೊದಗಿಸುವ ಯರಗೋಳ್ ಅಣೆಕಟ್ಟೆ 2023ರಲ್ಲಿ ಉದ್ಘಾಟನೆಯಾಯಿತು.

ಖಡಕವಾಸ್ಲಾದ ಬಾಗಿಲಿಗೆ ನೀರು ಹೆಚ್ಚಾದದ್ದು ತಿಳಿಯುತ್ತಿತ್ತು. ಇಂದಿನ ಮನೆಯ ಕಂಟ್ರೋಲರಿಗೆ ನೀರು ಮುಗಿದದ್ದು ತಿಳಿಯುತ್ತದೆ. ಎರಡೂ ಮನುಷ್ಯನಿಗಿಂತ ಮೊದಲೇ ಎಚ್ಚರಿಸುತ್ತವೆ. ಆ ಎಚ್ಚರಿಕೆಯನ್ನು ಕೇಳಿಸಿಕೊಂಡು ಅಳತೆಗೂ ಸರದಿಗೂ ಒಪ್ಪಿಕೊಳ್ಳುವ ಕೆಲಸ ಯಂತ್ರದ್ದಲ್ಲ, ಬಳಸುವವರದು. ಪುಣೆಯ ರೈತರೊಡನೆ ವಿಶ್ವೇಶ್ವರಯ್ಯನವರು ನಡೆಸಿದ ಮಾತುಕತೆಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ತಮ್ಮ ತಮ್ಮಲ್ಲಿಯೇ ಈಗ ನಡೆಸಬೇಕಾಗಿದೆ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯ ಹಾರ ತುರಾಯಿಗಳ ನಡುವೆ ಈ ಕೆಲಸವೂ ನೆನಪಾದರೆ, ತವರು ಸೀಮೆ ಅವರಿಗೆ ಸಲ್ಲಿಸುವ ಗೌರವ ಸಾರ್ಥಕವಾದೀತು.